ಒನ್ಸ್ ಸಿನಿಮಾದ ಹಾಡಿನ ಸಿ.ಡಿ: ಬದಿಯಡ್ಕದ ಮಿಕ್ಸಿ ರಿಪೇರಿ ಅಂಗಡಿಲಿ ಎರಡು ತಿಂಗಳು ಕೇಳಿ ಬರೆದದ್ದು

ಒನ್ಸ್ ಅಂತ 2007ರಲ್ಲಿ ಬಂದ ಐರಿಶ್ ಸಿನಿಮಾ ಉಂಟಲ್ವಾ, ಅದರ ಹಾಡುಗಳ ಸಿ.ಡಿ ಸೆಕೆಂಡ್ ಹ್ಯಾಂಡ್ ತರ್ಸಿದ್ದೆ, ಕೊರಿಯರ್ ಎಲ್ಲ ಸೇರಿ 580 ರೂಪಾಯಿ ಆಯ್ತು. ಆನ್‌ಲೈನಲ್ಲಿ ಮಾರಿದವರು ಪ್ಯಾಕಿಂಗ್ ಸರಿ ಮಾಡಿರ್ಲಿಲ್ಲ, ಬರೀ ಒಂದು ತೆಳು ಕವರ್, ಮಳೆಗಾಲದ ಮಧ್ಯ ಬಂದದ್ದು ಬೇರೆ, ಪ್ಲಾಸ್ಟಿಕ್ ಡಬ್ಬಿ ಎರಡು ಕಡೆ ಒಡೆದಿತ್ತು, ಮುಚ್ಚಳ ಕೈಯಲ್ಲೇ ಬಂತು. ಮೆಸೇಜ್ ಮಾಡಿದೆ, ಉತ್ತರವೇ ಇಲ್ಲ. ಆದ್ರೆ ಡಿಸ್ಕಿಗೆ ಒಂದು ಗೀರೂ ಬಿದ್ದಿರ್ಲಿಲ್ಲ, ಹಾಗಾಗಿ ವಾಪಸ್ ಕಳಿಸ್ಲಿಕ್ಕೆ ಹೋಗ್ಲಿಲ್ಲ. ಹಳೇ ಭಕ್ತಿಗೀತೆ ಸಿ.ಡಿಯ ಡಬ್ಬಿ ಒಂದು ಮನೇಲಿ ಖಾಲಿ ಇತ್ತು, ಅದಕ್ಕೆ ಹಾಕಿ ಇಟ್ಟಿದ್ದೇನೆ.

ಈ ಕಾಲದಲ್ಲಿ ಸಿ.ಡಿ ಯಾಕೆ, ಫೋನಲ್ಲಿ ಎಲ್ಲ ಸಿಗ್ತದಲ್ಲ ಅಂತ ಕೇಳ್ತೀರಿ. ಫೋನಲ್ಲಿ ನಾನೂ ಕೇಳಿದ್ದೆ, ಎಷ್ಟೋ ವರ್ಷ ಒಂದೇ ಹಾಡು, ಫಾಲಿಂಗ್ ಸ್ಲೋಲಿ, ಅದು ಮುಗಿದ ಕೂಡ್ಲೇ ಆ್ಯಪ್ ಬೇರೆ ಯಾರದ್ದೋ ಹಾಡಿಗೆ ಹೋಗ್ತಿತ್ತು, ಉಳಿದ ಹನ್ನೆರಡು ಹಾಡು ಉಂಟು ಅಂತ ಗೊತ್ತಿದ್ದೂ ಯಾವತ್ತೂ ಪೂರ್ತಿ ಕೇಳಿದವನಲ್ಲ. ಅಪ್ಪನಿಗೆ ಕಾಸರಗೋಡಿನ ಬದಿಯಡ್ಕದಲ್ಲಿ ಮಿಕ್ಸಿ, ಗ್ರೈಂಡರ್, ಫ್ಯಾನ್ ರಿಪೇರಿ ಅಂಗಡಿ ಉಂಟು, ಅಲ್ಲಿ ಮೇಲಿನ ಹಲಗೆಯಲ್ಲಿ ಒಂದು ಸಿ.ಡಿ ಪ್ಲೇಯರ್ ಇತ್ತು, ಯಾರೋ ರಿಪೇರಿಗೆ ಕೊಟ್ಟು ವರ್ಷಗಟ್ಲೆ ಆದ್ರೂ ತಗೊಂಡು ಹೋಗ್ಲಿಲ್ಲ, ಚೀಟಿಯಲ್ಲಿದ್ದ ಹೆಸರೂ ಮಾಸಿ ಹೋಗಿತ್ತು. ಅಪ್ಪ ಅದರ ಲೆನ್ಸಿಗೆ ಹತ್ತಿಯಲ್ಲಿ ಸ್ಪಿರಿಟ್ ಮುಟ್ಟಿಸಿ ಒರೆಸಿ, ಬೆಲ್ಟ್ ಬದಲಿಸಿ, ಎರಡು ಹಳೇ ಸ್ಪೀಕರ್ ಸಿಕ್ಕಿಸಿ ಕೊಟ್ರು. ಆಟಿ ತಿಂಗಳ ಮಳೆ, ಗಿರಾಕಿ ಕಮ್ಮಿ, ಕರೆಂಟ್ ಹೋಗ್ತಾ ಬರ್ತಾ ಇತ್ತು, ಹಾಗೆ ಕೂತು ಕೇಳಿದ್ದು.

ಅಂಗಡಿಲೇ ಕೇಳ್ಬೇಕು ಅಂತ ನನಗೆ ಆಸೆ ಇದ್ದದ್ದಕ್ಕೆ ಕಾರಣ ಉಂಟು. ಸಿನಿಮಾ ನೋಡದವರಿಗೆ ಸ್ವಲ್ಪ ಕಥೆ ಹೇಳ್ತೇನೆ. ಡಬ್ಲಿನ್ ಪೇಟೆಯ ಗ್ರಾಫ್ಟನ್ ಸ್ಟ್ರೀಟಲ್ಲಿ ಒಬ್ಬ ನಿಂತು ಗಿಟಾರ್ ಹಿಡಿದು ಹಾಡ್ತಾನೆ, ಮುಂದೆ ಗಿಟಾರ್ ಡಬ್ಬಿ ತೆರೆದಿಟ್ಟಿರ್ತಾನೆ, ಹೋಗುವವರು ಚಿಲ್ಲರೆ ಹಾಕ್ತಾರೆ. ಉಳಿದ ಹೊತ್ತು ಅವನು ಅಪ್ಪನ ಅಂಗಡಿಲಿ ವ್ಯಾಕ್ಯೂಮ್ ಕ್ಲೀನರ್ ರಿಪೇರಿ ಮಾಡುವವನು. ಚೆಕ್ ದೇಶದಿಂದ ಬಂದ ಹುಡುಗಿ, ಮದುವೆಯಾಗಿ ಒಬ್ಬಳು ಮಗಳಿರುವವಳು, ಬೀದಿಲಿ ಹೂ ಮಾರುವವಳು, ಅವಳ ಹತ್ರ ಒಂದು ಹಾಳಾದ ವ್ಯಾಕ್ಯೂಮ್ ಕ್ಲೀನರ್, ಮರುದಿನ ಅದನ್ನು ನಾಯಿಮರಿ ಎಳ್ಕೊಂಡು ಬಂದ ಹಾಗೆ ಪೈಪ್ ಹಿಡಿದು ಪೇಟೆಯಿಡೀ ಎಳ್ಕೊಂಡು ಬರ್ತಾಳೆ. ಇಬ್ಬರಿಗೂ ಸಿನಿಮಾದಲ್ಲಿ ಹೆಸರೇ ಇಲ್ಲ. ಹಾಡು ಬರೀತಾರೆ, ಬೀದಿಲಿ ಬಾರಿಸುವ ಹುಡುಗರನ್ನೇ ಸೇರಿಸ್ಕೊಂಡು ಒಂದು ವಾರಾಂತ್ಯ ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡ್ತಾರೆ, ಅಷ್ಟೇ ಕಥೆ. ಅದರಲ್ಲಿ ಆ ರಿಪೇರಿ ಅಂಗಡಿ, ಆ ಅಪ್ಪ, ಜಾಸ್ತಿ ಮಾತಾಡದ ಮನುಷ್ಯ, ಕೊನೆಗೆ ಮಗ ರೆಕಾರ್ಡ್ ಮಾಡಿದ್ದನ್ನು ಕೂತು ಕೇಳಿ ಚೆನ್ನಾಗುಂಟು ಅಂತ ಹೇಳುವ ಜಾಗ, ಅದು ಬಂದಾಗ ನನಗೆ ಮೊದಲ ಸಲ ನೋಡುವಾಗ್ಲೇ ಕಣ್ಣು ತುಂಬಿತ್ತು. ಅಪ್ಪನಿಗೆ ಈ ಹಾಡುಗಳನ್ನು ಕೇಳಿಸ್ಬೇಕು ಅಂತ ಆವತ್ತಿಂದ ಮನಸ್ಸಲ್ಲಿತ್ತು.

ಹಾಡಿದವನು ಗ್ಲೆನ್ ಹ್ಯಾನ್ಸಾರ್ಡ್. ಸಿನಿಮಾಕ್ಕೋಸ್ಕರ ಗಿಟಾರ್ ಹಿಡಿಯಲಿಕ್ಕೆ ಕಲಿತ ನಟ ಅಲ್ಲ ಅವನು, 13ನೇ ವಯಸ್ಸಲ್ಲಿ ಶಾಲೆ ಬಿಟ್ಟು ಡಬ್ಲಿನ್ ಬೀದಿಲಿ ಹಾಡ್ಲಿಕ್ಕೆ ಶುರು ಮಾಡಿದವನು. ಅವನ ಗಿಟಾರಿನ ಮೇಲ್ಮೈಯಲ್ಲಿ ಬಾರಿಸಿ ಬಾರಿಸಿಯೇ ಒಂದು ಹೆಚ್ಚುವರಿ ತೂತಾಗಿದೆ, ಸಿನಿಮಾದಲ್ಲಿ ಅದು ಸರೀ ಕಾಣ್ತದೆ, ನಮ್ಮಲ್ಲಿ ಹಳೇ ಅರೆಯುವ ಕಲ್ಲಿನ ಮಧ್ಯ ಗುಳಿ ಬಿದ್ದ ಹಾಗೆ. 1991ರಲ್ಲಿ ಅಲನ್ ಪಾರ್ಕರ್ ನಿರ್ದೇಶನದ ದಿ ಕಮಿಟ್‌ಮೆಂಟ್ಸ್ ಸಿನಿಮಾದಲ್ಲಿ ಗಿಟಾರ್ ಹುಡುಗನ ಪಾತ್ರ ಮಾಡಿದ್ದ, ಆ ಹೊತ್ತಿಗೇ ದಿ ಫ್ರೇಮ್ಸ್ ಅಂತ ಸ್ವಂತ ಬ್ಯಾಂಡ್ ಕಟ್ಟಿದ್ದ. ಒನ್ಸ್ ನಿರ್ದೇಶಿಸಿದ ಜಾನ್ ಕಾರ್ನಿ ಅದೇ ಬ್ಯಾಂಡಿನಲ್ಲಿ ಮೊದಲು ಬೇಸ್ ಗಿಟಾರ್ ಬಾರಿಸ್ತಿದ್ದವನು. ಮುಖ್ಯ ಪಾತ್ರ ಕಿಲಿಯನ್ ಮರ್ಫಿ ಮಾಡ್ಬೇಕಿತ್ತು, ಆಮೇಲೆ ಓಪನ್‌ಹೈಮರ್‌ಗೆ ಆಸ್ಕರ್ ತಗೊಂಡ ಅದೇ ಮರ್ಫಿ, ಅವನು ಬಿಟ್ಟ ಮೇಲೆ ಹಾಡು ಬರೆದವನನ್ನೇ ಮುಂದೆ ನಿಲ್ಲಿಸಿದ್ರು. ಒಳ್ಳೇದಾಯ್ತು ಅಂತ ನಾನು ಹೇಳ್ತೇನೆ, ಮರ್ಫಿ ದೊಡ್ಡ ನಟ ನಿಜ, ಆದ್ರೆ ಈ ಸಿ.ಡಿಯ ಗಂಟಲು ನಟನೆಯಿಂದ ಬರುವಂಥದ್ದಲ್ಲ.

17 ದಿನದಲ್ಲಿ ಶೂಟಿಂಗ್ ಮುಗಿಸಿದ್ದಂತೆ, ಖರ್ಚು ಸುಮಾರು 1 ಲಕ್ಷ 12 ಸಾವಿರ ಯೂರೋ, ಸಿನಿಮಾದ ಲೆಕ್ಕದಲ್ಲಿ ಅದು ಏನೂ ಅಲ್ಲ. ಬೀದಿ ದೃಶ್ಯಗಳನ್ನು ದೂರದಲ್ಲಿ ಕ್ಯಾಮರಾ ಇಟ್ಟು ತೆಗೆದದ್ದು, ನಡ್ಕೊಂಡು ಹೋಗುವ ಜನರಿಗೆ ಸಿನಿಮಾ ಆಗ್ತಾ ಉಂಟು ಅಂತಲೇ ಗೊತ್ತಿಲ್ಲ. ಅದೇ ಗುಣ ಹಾಡುಗಳಲ್ಲೂ ಉಂಟು, ಕೆಲವು ಕಡೆ ಉಸಿರು ಎಳೆಯುವುದು ಕೇಳ್ತದೆ, ಬೆರಳು ತಂತಿ ಮೇಲೆ ಜಾರುವ ಕಿರಿಕಿರಿ ಶಬ್ದ ಕೇಳ್ತದೆ.

ಮೊದಲನೇ ಹಾಡು ಫಾಲಿಂಗ್ ಸ್ಲೋಲಿ. ಎಲ್ಲರಿಗೂ ಗೊತ್ತಿರುವ ಹಾಡು, ಆದ್ರೂ ಹೇಳ್ತೇನೆ ಯಾಕಂದ್ರೆ ಇದು ಸಿನಿಮಾದಲ್ಲಿ ಬರುವ ರೀತಿ ನೋಡಿದ್ರೆ ಮಾತ್ರ ಇದರ ಬೆಲೆ ಗೊತ್ತಾಗುದು. ಹುಡುಗಿಗೆ ಪಿಯಾನೋ ತಗೊಳ್ಳುವ ದುಡ್ಡಿಲ್ಲ, ಒಂದು ಸಂಗೀತದ ಅಂಗಡಿಯವರು ಮಧ್ಯಾಹ್ನದ ಹೊತ್ತು ಅಲ್ಲಿದ್ದ ಪಿಯಾನೋ ಬಾರಿಸ್ಲಿಕ್ಕೆ ಬಿಡ್ತಾರೆ, ಅಲ್ಲಿಗೆ ಇವನನ್ನು ಕರ್ಕೊಂಡು ಹೋಗ್ತಾಳೆ. ಅವನು ಹಾಡಿನ ದಾರಿ ಹೇಳಿಕೊಡ್ತಾನೆ, ಇಲ್ಲಿ ಹೀಗೆ, ಅಲ್ಲಿ ಹಾಗೆ, ಅಂತ, ಆಮೇಲೆ ಶುರು. ಅವಳು ಮೊದಲು ಹುಡುಕ್ತಾ ಹುಡುಕ್ತಾ ಬಾರಿಸ್ತಾಳೆ, ಸಣ್ಣ ಸ್ವರದಲ್ಲಿ ಮೇಲಿನ ಸಾಲು ಸೇರಿಸ್ತಾಳೆ, ಹಾಡು ಅರ್ಧಕ್ಕೆ ಬರುವಷ್ಟರಲ್ಲಿ ಇಬ್ಬರೂ ಒಂದೇ ಉಸಿರಿಗೆ ಬಂದಿರ್ತಾರೆ. ಹಾಡು ಪೂರ್ತಿ ಆಗ್ತದೆ, ಮಧ್ಯದಲ್ಲಿ ಕತ್ತರಿಸಿ ಬೇರೆ ಎಂತದೋ ತೋರಿಸುದಿಲ್ಲ. ನಮ್ಮ ಯಕ್ಷಗಾನದಲ್ಲಿ ಭಾಗವತರು ಪದ್ಯ ಹೇಳುವಾಗ ಕಥೆ ನಿಂತು ಕಾಯುದಿಲ್ಲ, ಪದ್ಯದ ಒಳಗೇ ಕಥೆ ಮುಂದೆ ಹೋಗ್ತದೆ, ವೇಷದವರ ಅರ್ಥದ ಮಾತು ಆಮೇಲೆ. ಯಕ್ಷಗಾನ ಪ್ರಸಂಗ ಬರೆದ ಪಾರ್ತಿಸುಬ್ಬನ ಊರು ಕುಂಬಳೆ ನಮಗೆ ಬಸ್ಸಲ್ಲಿ ಹೋದ್ರೆ ಹತ್ತಿರ, ಪದ್ಯದಲ್ಲಿ ಕಥೆ ಹೇಳುದು ಅಂದ್ರೆ ಎಂತ ಅಂತ ನಮಗೆ ಬೇರೆಯವರು ಹೇಳಿಕೊಡ್ಬೇಕಾಗಿಲ್ಲ, ಹಾಗಾಗಿಯೇ ಈ ಸಿನಿಮಾ ಕಾಸರಗೋಡಿನವರಿಗೆ ಒಂದು ಕೈ ಜಾಸ್ತಿ ಹಿಡಿಸ್ತದೆ ಅಂತ ನನ್ನ ನಂಬಿಕೆ.

ಎರಡನೇದು ಇಫ್ ಯೂ ವಾಂಟ್ ಮಿ, ಇದು ಹುಡುಗಿ ಬರೆದ ಹಾಡು, ಸಿನಿಮಾದಲ್ಲೂ ನಿಜದಲ್ಲೂ. ಅವಳು ಮಾರ್ಕೆಟಾ ಇರ್ಗ್ಲೋವಾ, 1988ರಲ್ಲಿ ಹುಟ್ಟಿದವಳು, ನಿಜವಾಗಿಯೂ ಚೆಕ್ ದೇಶದವಳು. ಅವನು ಬರೀ ರಾಗ ಇರುವ ಸಿ.ಡಿ ಕೊಟ್ಟಿರ್ತಾನೆ ಮಾತು ಬರೀ ಅಂತ, ರಾತ್ರಿ ಕೇಳ್ತಾ ಇರುವಾಗ ಬ್ಯಾಟರಿ ಮುಗೀತದೆ, ಮಗಳ ಹುಂಡಿಯಿಂದ ಚಿಲ್ಲರೆ ತೆಗ್ದು ಅಂಗಡಿಗೆ ಹೋಗಿ ಬ್ಯಾಟರಿ ತಂದು, ಕಿವಿಗೆ ಸಿಕ್ಕಿಸ್ಕೊಂಡು ಬೀದಿಲಿ ಹಾಡ್ತಾ ನಡ್ಕೊಂಡು ಮನೆಗೆ ಬರ್ತಾಳೆ. ಸಿ.ಡಿಯಲ್ಲಿ ಕೇಳುವಾಗ ಆ ನಡಿಗೆಯ ವೇಗ ಗೊತ್ತಾಗ್ತದೆ. ಮಳೆ ಜೋರಾಗಿ ಶೀಟಿನ ಮೇಲೆ ಬೀಳುವಾಗ ಕೇಳಿದ್ದು ನಾನು, ಅವಳ ಸ್ವರ ಎಷ್ಟು ಸಣ್ಣದು ಅಂದ್ರೆ ಮಳೆ ಅದನ್ನು ನುಂಗಿ ಬಿಡ್ತದೆ ಅಂತ ಅನ್ನಿಸ್ತಿತ್ತು, ಸ್ಪೀಕರಿಗೆ ಹತ್ತಿರ ಹೋಗಿ ಕೂತೆ.

ನಾಲ್ಕನೇ ಹಾಡಿನ ವಿಷಯ ಸ್ವಲ್ಪ ಉದ್ದ ಬರೀತೇನೆ, ತಪ್ಪು ತಿಳ್ಕೊಳ್ಬೇಡಿ. ವೆನ್ ಯುವರ್ ಮೈಂಡ್ಸ್ ಮೇಡ್ ಅಪ್. ಅಪ್ಪ ಆಗ ಒಂದು ಮಿಕ್ಸಿಯ ಕಾರ್ಬನ್ ಬ್ರಷ್ ಬದಲಿಸ್ತಾ ಇದ್ರು, ಮೊದಲಿನ ಮೂರು ಹಾಡಿಗೆ ತಲೆ ಎತ್ಲಿಲ್ಲ, ಇಂಗ್ಲಿಷ್ ಹಾಡು, ಎಂತ ಹೇಳ್ತಾನೆ ಅಂತ ಅವರಿಗೆ ಅರ್ಥ ಆಗುದಿಲ್ಲ. ಇದು ಶುರುವಾಗಿ ಸ್ವಲ್ಪ ಹೊತ್ತಲ್ಲಿ ಅವರ ಎಡಗೈ ಮೇಜಿನ ಮೇಲೆ ತಟ್ಲಿಕ್ಕೆ ಶುರುವಾಯ್ತು. ಅಪ್ಪ ಪ್ರಾಯದಲ್ಲಿ ಚಿಕ್ಕಮೇಳಕ್ಕೆ ಮದ್ದಳೆಗೆ ಹೋಗ್ತಿದ್ದವರು, ಮಳೆಗಾಲದಲ್ಲಿ ದೊಡ್ಡ ಆಟ ಇಲ್ಲ, ಮುಸ್ಸಂಜೆ ಹೊತ್ತಿಗೆ ನಾಲ್ಕೈದು ಜನ ಮನೆಮನೆಗೆ ಹೋಗಿ ಚಾವಡಿಲಿ ಸಣ್ಣದೊಂದು ಪ್ರಸಂಗದ ತುಂಡು ಮಾಡಿ ಅಕ್ಕಿ ಕಾಯಿ ದಕ್ಷಿಣೆ ತಗೊಂಡು ಬರುದು, ಗೊತ್ತಿರ್ಬಹುದು ನಿಮಗೆ. ಹಾಡು ಜೋರಾಗುವ ಮೊದಲೇ ಅಪ್ಪ ಹೇಳಿದ್ರು, "ಮಗಾ, ಇದು ಐದರ ಲೆಕ್ಕ ಅಲ್ವಾ? ತಕ ತಕಿಟ, ತಕ ತಕಿಟ, ನೋಡು. ಝಂಪೆ ತಾಳದ ಹಾಗೆ ಹೋಗ್ತಾ ಉಂಟು." ನನಗೆ ಮೈ ಜುಮ್ಮೆಂದಿತು. ಯಾಕಂದ್ರೆ ಈ ಹಾಡು ನಿಜವಾಗಿ ಐದರದ್ದೇ, ಪಾಶ್ಚಾತ್ಯ ಸಂಗೀತದವರು ಐದು ಬೈ ನಾಲ್ಕು ಅಂತ ಹೇಳ್ತಾರೆ, ಸಾಧಾರಣ ಸಿನಿಮಾ ಹಾಡು ನಾಲ್ಕರಲ್ಲೋ ಮೂರರಲ್ಲೋ ಇರ್ತದೆ, ಐದು ಬಹಳ ಕಮ್ಮಿ. ನಾನು ಎಷ್ಟು ಸಲ ಕೇಳಿದ್ರೂ ಎಣಿಸಿ ನೋಡಿದವನಲ್ಲ, ಎಲ್ಲೋ ಓದಿದ್ದು ಅಷ್ಟೇ, ಅಪ್ಪ ಭಾಷೆ ತಿಳಿಯದೆ ಒಂದು ನಿಮಿಷದಲ್ಲಿ ಹಿಡಿದ್ರು.

ಆ ಐದರ ಲೆಕ್ಕವೇ ಹಾಡಿನ ಜೀವ ಅಂತ ಆಮೇಲೆ ಅಪ್ಪ ತಟ್ಟಿ ತೋರಿಸಿದಾಗ ಗೊತ್ತಾಯ್ತು. ನಾಲ್ಕಾದ್ರೆ ಕಾಲು ಎರಡೂ ನೆಲಕ್ಕೆ ಬಂದು ನಿಂತ ಹಾಗೆ ಆಗ್ತದೆ, ಐದರಲ್ಲಿ ಯಾವಾಗ್ಲೂ ಒಂದು ಕಾಲು ಮುಂದೆ ಇಟ್ಟೇ ಇರ್ತದೆ, ಹಾಗಾಗಿ ಹಾಡು ನಿಲ್ಲದೆ ಏರ್ತಾ ಏರ್ತಾ ಹೋಗ್ತದೆ, ಕೊನೆಗೆ ಅವನು ಹಾಡುದು ಬಿಟ್ಟು ಕೂಗ್ಲಿಕ್ಕೇ ಶುರು ಮಾಡ್ತಾನೆ, ಅವಳ ಸ್ವರ ಕೆಳಗಿಂದ ಬಿಡದೆ ಹಿಡ್ಕೊಂಡಿರ್ತದೆ, ಆಮೇಲೆ ಎಲ್ಲ ಇಳಿದು ಮೆಲ್ಲಗೆ. ಸಿನಿಮಾದಲ್ಲಿ ಇದು ಸ್ಟುಡಿಯೋದ ಮೊದಲ ಹಾಡು, ಬೀದಿಯವರು ಎಂತ ಮಾಡ್ತಾರೆ ಅಂತ ಅಸಡ್ಡೆಯಲ್ಲಿ ಕೂತಿದ್ದ ಸೌಂಡ್ ಇಂಜಿನಿಯರ್ ಇದೇ ಹಾಡಿಗೆ ತಲೆ ಎತ್ತಿ ನೋಡುದು. ನಮ್ಮ ಅಂಗಡಿಲೂ ಅದೇ ಆದದ್ದು. ಆ ಮಿಕ್ಸಿ ಆವತ್ತು ಮುಗೀಲಿಲ್ಲ, ಅಪ್ಪ ಮೂರು ಸಲ ಅದೇ ಹಾಡು ಹಾಕಿಸಿದ್ರು.

ಸೌಂಡ್ ವಿಷಯ. ಸಿನಿಮಾದಲ್ಲಿ ರೆಕಾರ್ಡಿಂಗ್ ಮುಗಿದ ಮೇಲೆ ಇಂಜಿನಿಯರ್ ಎಲ್ಲರನ್ನೂ ಕಾರಲ್ಲಿ ಕರ್ಕೊಂಡು ಹೋಗ್ತಾನೆ, ಸ್ಟುಡಿಯೋದ ದೊಡ್ಡ ಸ್ಪೀಕರಲ್ಲಿ ಎಲ್ಲವೂ ಚೆಂದವೇ ಕೇಳ್ತದೆ, ಕಾರಿನ ಸಾಧಾರಣ ಸ್ಪೀಕರಲ್ಲಿ ಕೇಳಿ ನೋಡ್ಬೇಕು ಅಂತ, ಹಾಗೆ ಹಾಡು ಕೇಳ್ತಾ ಸಮುದ್ರದ ಹತ್ರ ಹೋಗ್ತಾರೆ. ನಾನೂ ಹಾಗೇ ಮಾಡಿದೆ, ನೆರೆಮನೆಯ ಅಣ್ಣನ ಹಳೇ ಜೀಪಲ್ಲಿ ಸಿ.ಡಿ ಹಾಕುವ ಸ್ಟೀರಿಯೋ ಉಂಟು, ಒಂದು ಆದಿತ್ಯವಾರ ಬೇಕಲದವರೆಗೆ ಹೋಗಿ ಬಂದ್ವಿ. ಜೀಪಲ್ಲಿ ನಿಧಾನದ ಹಾಡುಗಳು ಹೋಯ್ತು, ಇಂಜಿನ್ ಶಬ್ದಕ್ಕೆ ದಿ ಹಿಲ್ ಅಂತೂ ಕೇಳ್ಲೇ ಇಲ್ಲ, ಹೈವೇ ಕೆಲಸದ ಗುಂಡಿಗೆ ಎರಡು ಸಲ ಹಾರಿತು ಕೂಡ. ಆದ್ರೆ ಫಾಲನ್ ಫ್ರಂ ದಿ ಸ್ಕೈ, ಟ್ರೈಯಿಂಗ್ ಟು ಪುಲ್ ಮೈಸೆಲ್ಫ್ ಅವೇ ಎರಡೂ ಗಟ್ಟಿ ನಿಂತವು. ಲೀವ್ ಹಾಡಲ್ಲಿ ಅವನು ಗಂಟಲು ಹರಿಯುವ ಹಾಗೆ ಕೂಗುವ ಜಾಗ ಉಂಟು, ಅಂಗಡಿಯ ಸಣ್ಣ ಸ್ಪೀಕರಲ್ಲಿ ಅಲ್ಲಿ ಸ್ವಲ್ಪ ಒಡೀತದೆ, ವಾಲ್ಯೂಮ್ ಒಂದು ಗೆರೆ ಕೆಳಗಿಟ್ಟು ಕೇಳಿ. ಒಳ್ಳೇ ಹೆಡ್‌ಫೋನಲ್ಲಿ ಆ ತೊಂದರೆ ಇಲ್ಲ.

ಈಗ ನನ್ನ ತಕರಾರು, ಎರಡು ಉಂಟು. ಒಂದು, ಹಾಡುಗಳ ಕ್ರಮ. ಸಿನಿಮಾದಲ್ಲಿ ರಾತ್ರಿ ಬೀದಿಲಿ ಜನ ಇಲ್ಲದ ಹೊತ್ತಿಗೆ ಅವನು ಒಬ್ಬನೇ ಸೇ ಇಟ್ ಟು ಮಿ ನೌ ಅಂತ ಹಾಡ್ತಾನೆ, ಹುಡುಗಿ ಅದನ್ನು ಕೇಳಿ ನಿಲ್ಲುದು, ಕಥೆ ಶುರುವಾಗುದೇ ಅಲ್ಲಿಂದ. ಸಿ.ಡಿಯಲ್ಲಿ ಅದು 13ನೇದು, ಕಟ್ಟಕಡೆಗೆ. ಬಾಗಿಲನ್ನು ಮನೆಯ ಹಿಂದೆ ಇಟ್ಟ ಹಾಗಾಯ್ತು. ಮಾರುವವರಿಗೆ ಫೇಮಸ್ ಹಾಡು ಮುಂದೆ ಬೇಕು, ಅದು ಅರ್ಥ ಆಗ್ತದೆ, ಆದ್ರೂ ಸರಿ ಅಲ್ಲ. ಎರಡನೇದು, ಸಿನಿಮಾದ ಮೊದಲ ದೃಶ್ಯದಲ್ಲಿ ಅವನು ಹಗಲು ಹೊತ್ತು ವ್ಯಾನ್ ಮಾರಿಸನ್ ಅನ್ನುವ ಹಾಡುಗಾರನ ಹಾಡು ಹಾಡ್ತಾನೆ, ಅಷ್ಟರಲ್ಲಿ ಒಬ್ಬ ದುಡ್ಡಿನ ಡಬ್ಬಿ ಎತ್ಕೊಂಡು ಓಡ್ತಾನೆ, ಇವನು ಹಿಂದೆ ಓಡ್ತಾನೆ, ಅದು ಸಿ.ಡಿಯಲ್ಲಿ ಇಲ್ಲ. ಹಗಲು ಜನಕ್ಕೆ ಗೊತ್ತಿರುವ ಹಾಡೇ ಬೇಕು, ಇಲ್ಲಾಂದ್ರೆ ದುಡ್ಡು ಬೀಳುದಿಲ್ಲ, ಸ್ವಂತ ಹಾಡು ರಾತ್ರಿ ಮಾತ್ರ ಅಂತ ಅವನೇ ಹುಡುಗಿಗೆ ಹೇಳ್ತಾನೆ. ಹಗಲಿನ ಹಾಡು ಒಂದಾದ್ರೂ ಇದ್ದಿದ್ರೆ ರಾತ್ರಿಯ ಹಾಡುಗಳ ಬೆಲೆ ಇನ್ನೂ ಗೊತ್ತಾಗ್ತಿತ್ತು. ಚಿಕ್ಕಮೇಳದಲ್ಲೂ ಹಾಗೇ ಅಂತ ಅಪ್ಪ ಹೇಳ್ತಾರೆ, ಮನೆಯವರು ಕೇಳಿದ ಪ್ರಸಂಗ ಮಾಡ್ಬೇಕು, ತಮಗೆ ಇಷ್ಟದ ಪದ್ಯ ಎಲ್ಲ ದಾರಿಲಿ ನಡೀತಾ.

ಸಿ.ಡಿಯಲ್ಲಿ ಒಂದು ಹಾಡು ಹ್ಯಾನ್ಸಾರ್ಡೂ ಇರ್ಗ್ಲೋವಾಳೂ ಬರೆದದ್ದಲ್ಲ, ಆರನೇದು, ಗೋಲ್ಡ್. ಅದು ಇಂಟರ್‌ಫಿಯರೆನ್ಸ್ ಅನ್ನುವ ಬ್ಯಾಂಡಿನ ಫರ್ಗಸ್ ಓ'ಫ್ಯಾರೆಲ್ ಬರೆದದ್ದು, ಸಿನಿಮಾದಲ್ಲಿ ಮನೆಯೊಂದರಲ್ಲಿ ಎಲ್ಲ ಸೇರಿ ಒಬ್ಬೊಬ್ಬರೇ ಹಾಡುವ ರಾತ್ರಿ ಬರ್ತದಲ್ಲ, ಅಲ್ಲಿ. ಅವನಿಗೆ ಸ್ನಾಯು ಕ್ಷೀಣಿಸುವ ಕಾಯಿಲೆ ಇತ್ತು, ಗಾಲಿ ಕುರ್ಚಿಯಲ್ಲಿದ್ದವನು, 2016ರಲ್ಲಿ ತೀರಿ ಹೋದ. ಆ ಶರೀರದಿಂದ ಅಷ್ಟು ದೊಡ್ಡ ಸ್ವರ. ಇಡೀ ಸಿ.ಡಿಯಲ್ಲಿ ಫಾಲಿಂಗ್ ಸ್ಲೋಲಿಗಿಂತ ಮೇಲೆ ನಾನು ಇಡುವ ಹಾಡು ಇದು, ಜನ ಇದನ್ನು ದಾಟಿಸಿ ಮುಂದೆ ಹೋಗ್ತಾರೆ ಅಂತ ಬೇಜಾರಾಗ್ತದೆ.

ಐರಿಶ್ ಹಾಡುಗಾರರು ಸಿನಿಮಾದಲ್ಲಿ ಬೇರೆ ಕಡೆಯೂ ಇದ್ದಾರೆ, ನಾನು ಹುಡುಕಿ ಹುಡುಕಿ ಕೇಳಿದವನು. ಡೇಮಿಯನ್ ರೈಸ್‌ನ ದಿ ಬ್ಲೋವರ್ಸ್ ಡಾಟರ್ 2004ರ ಕ್ಲೋಸರ್ ಸಿನಿಮಾದ ಶುರುವಿಗೂ ಕೊನೆಗೂ ಬರ್ತದೆ, ಎಂಥಾ ಹಾಡು ಅದು, ಆದ್ರೆ 2002ರ ಅವನ ಆಲ್ಬಮ್ಮಿಂದ ತಂದು ಹಾಕಿದ್ದು, ಪಾತ್ರಗಳಿಗೆ ಆ ಹಾಡು ಕೇಳುದಿಲ್ಲ, ನಮಗೆ ಮಾತ್ರ. ಎನ್ಯಾಳ ಮೇ ಇಟ್ ಬಿ, ಲಾರ್ಡ್ ಆಫ್ ದಿ ರಿಂಗ್ಸ್ ಮೊದಲ ಭಾಗದ ಕೊನೆಗೆ ಬರುದು, ಅದಕ್ಕೆ ಆಸ್ಕರ್ ನಾಮಿನೇಶನ್ ಬಂದಿತ್ತು, ಮಂಜಿನ ಹಾಗೆ ತೇಲ್ತದೆ, ಚೆಂದ ಉಂಟು, ಆದ್ರೆ ಹೆಸರುಗಳು ಓಡುವಾಗ ಬರುವ ಹಾಡು. ಕಾರ್ನಿಯೇ 2016ರಲ್ಲಿ ಮಾಡಿದ ಸಿಂಗ್ ಸ್ಟ್ರೀಟ್ 1985ರ ಡಬ್ಲಿನ್ನಿನ ಶಾಲೆ ಹುಡುಗರ ಬ್ಯಾಂಡಿನ ಕಥೆ, ಮಕ್ಕಳಿದ್ದ ಮನೆಗೆ ಅದನ್ನೇ ಹೇಳ್ತೇನೆ. ಇವೆಲ್ಲದರಲ್ಲಿ ಹಾಡು ಒಂದು ಕೆಲಸ, ತಪ್ಪಿ ತಪ್ಪಿ ಕಲಿತು ಇಬ್ಬರು ಸೇರಿ ಮಾಡುವ ಕೈಕೆಲಸ ಅಂತ ಕಣ್ಣಾರೆ ತೋರಿಸಿದ್ದು ಒನ್ಸ್, ಅದಕ್ಕೇ ದುಡ್ಡು ಕೊಟ್ಟು ತಗೊಂಡದ್ದು ಇದರ ಸಿ.ಡಿ.

ಫಾಲಿಂಗ್ ಸ್ಲೋಲಿಗೆ 2008ರ ಫೆಬ್ರವರಿಯಲ್ಲಿ ಆಸ್ಕರ್ ಬಂತು. ಅದಕ್ಕೆ ಮೊದಲು ಒಂದು ತಕರಾರು ಬಂದಿತ್ತು, ಈ ಹಾಡು 2006ರಲ್ಲೇ ಆಲ್ಬಮ್ಮಲ್ಲಿ ಬಂದಿದೆ, ಸಿನಿಮಾಕ್ಕೆ ಬರೆದದ್ದಲ್ಲ ಅಂತ, ಆಮೇಲೆ ಅಕಾಡೆಮಿಯವರು ನೋಡಿ ಸರಿ ಉಂಟು ಅಂತ ಒಪ್ಪಿದ್ರು. ವೇದಿಕೆಲಿ ಹ್ಯಾನ್ಸಾರ್ಡ್ ಮಾತಾಡಿ ಆಗಿ ಹುಡುಗಿ ಬಾಯಿ ತೆರೆಯುವಷ್ಟರಲ್ಲಿ ವಾದ್ಯದವರು ಬಾರಿಸ್ಲಿಕ್ಕೆ ಶುರು ಮಾಡಿದ್ರು, ಅವಳ ಮಾತು ಅಲ್ಲಿಗೇ ನಿಂತಿತು. ಜಾಹೀರಾತು ಮುಗಿದ ಮೇಲೆ ನಿರೂಪಕ ಜಾನ್ ಸ್ಟುವರ್ಟ್ ಅವಳನ್ನು ವಾಪಸ್ ಕರ್ದು ಮಾತಾಡ್ಲಿಕ್ಕೆ ಬಿಟ್ಟ. 19 ವರ್ಷದ ಹುಡುಗಿ. ಆ ವಿಡಿಯೋ ನಾನು ಅಮ್ಮನಿಗೂ ತೋರಿಸಿದ್ದೇನೆ.

ಇನ್ನೊಂದು ಹೇಳದೆ ಹೋದ್ರೆ ನನಗೆ ನಿದ್ದೆ ಬರ್ಲಿಕ್ಕಿಲ್ಲ. ಸಿನಿಮಾದಲ್ಲಿ ಒಂದು ಕಡೆ ಅವನು, ನಿನ್ನ ಗಂಡನನ್ನು ಪ್ರೀತಿಸ್ತೀಯಾ ಅಂತ ಚೆಕ್ ಭಾಷೆಲಿ ಹೇಗೆ ಕೇಳುದು ಅಂತ ಅವಳ ಹತ್ರವೇ ಕಲಿತು, ಅದನ್ನೇ ಅವಳಿಗೆ ಕೇಳ್ತಾನೆ. ಅವಳು ಚೆಕ್ ಭಾಷೆಲೇ ಉತ್ತರ ಕೊಡ್ತಾಳೆ, ಮಿಲುಯು ತೆಬೆ, ನಾನು ಪ್ರೀತಿಸುದು ನಿನ್ನನ್ನು ಅಂತ. ಕೆಳಗೆ ಸಬ್‌ಟೈಟಲ್ ಇಲ್ಲ, ಅವನಿಗೂ ಅರ್ಥ ಆಗುದಿಲ್ಲ, ಕೇಳಿದ್ರೆ ಅವಳು ಹೇಳುದಿಲ್ಲ. ನಮ್ಮ ಊರಲ್ಲಿ ಇದು ದಿನನಿತ್ಯದ್ದು ಅಲ್ವಾ, ಅಪ್ಪನ ಅಂಗಡಿಗೆ ಬರುವ ಗಿರಾಕಿ ಮಲಯಾಳದಲ್ಲಿ ಕೇಳ್ತಾರೆ, ಅಪ್ಪ ತುಳುವಲ್ಲಿ ಹೇಳ್ತಾರೆ, ಬಿಲ್ಲು ಕನ್ನಡದಲ್ಲಿ ಬರೀತಾರೆ, ಬ್ಯಾರಿ ಮಾತಾಡುವವರು ಬೆಂಚಲ್ಲಿ ಕೂತಿರ್ತಾರೆ, ಕೊಂಕಣಿ, ಮರಾಠಿ, ಹವ್ಯಕರ ಮಾತು ಎಲ್ಲ ಕಿವಿಗೆ ಬೀಳ್ತಾ ಇರ್ತದೆ. ಶಾಲೆಗೆ ಹೋಗುವಾಗ ಬಸ್ಸಲ್ಲಿ ಒಬ್ಬಳು ನನಗೆ ಅವಳ ಮನೆಮಾತಲ್ಲಿ ಎಂತದೋ ಹೇಳಿ ಇಳ್ದು ಹೋಗಿದ್ಳು, ಎಷ್ಟೋ ಕಾಲ ಆಗಿ ಆ ಶಬ್ದದ ಅರ್ಥ ಗೊತ್ತಾಯ್ತು. ಅದನ್ನು ಇಲ್ಲಿ ಬರೆಯುದಿಲ್ಲ. ಸಿ.ಡಿಯಲ್ಲಿ ಮಾತು ಇಲ್ಲ, ಬರೀ ಹಾಡು, ಆ ದೃಶ್ಯಕ್ಕೆ ಸಿನಿಮಾವನ್ನೇ ನೋಡ್ಬೇಕು. ಮೊದಲು ಸಿನಿಮಾ, ಆಮೇಲೆ ಸಿ.ಡಿ, ಈ ಕ್ರಮ ತಪ್ಪಿಸ್ಬೇಡಿ.

ತಗೊಳ್ಳುವವರಿಗೆ: ಕುಣಿಯುವ ಹಾಡು ಬೇಕಾದವರಿಗೆ ಇದು ಅಲ್ಲ, ಸಂಭ್ರಮದ ಹಾಡು ಒಂದೂ ಇಲ್ಲ, ಮೂರನೇದು ಬಸ್ಸಲ್ಲಿ ಕೂತು ತಮಾಷೆಗೆ ಹಾಡುದು, ಒಂದು ನಿಮಿಷವೂ ಇಲ್ಲ ಅದು. ಗಿಟಾರ್ ಕಲಿಯುವ ಮಕ್ಕಳಿದ್ರೆ ಖಂಡಿತ ತೆಗೆದುಕೊಡಿ, ಕಷ್ಟದ ಬೆರಳು ಕಮ್ಮಿ, ಹಾಡುದು ಹೇಗೆ ಅಂತ ಕಲಿಯಲಿಕ್ಕೆ ತುಂಬಾ ಉಂಟು. ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ಡಿಸ್ಕಿನ ಕೆಳಭಾಗದ ಫೋಟೋ ಕೇಳಿ, ಗಟ್ಟಿ ರಟ್ಟಿನ ಪೆಟ್ಟಿಗೆಲಿ ಕಳಿಸ್ಲಿಕ್ಕೆ ಮೊದಲೇ ಹೇಳಿ, ಮಳೆಗಾಲ ಆದ್ರೆ ಪ್ಲಾಸ್ಟಿಕ್ ಸುತ್ತಿಸಿ. 5ರಲ್ಲಿ ನಾಲ್ಕೂವರೆ ಕೊಡ್ತೇನೆ, ಅರ್ಧ ಕಳೆದದ್ದು ಕ್ರಮಕ್ಕೆ. ಪ್ಲೇಯರಲ್ಲಿ ನಂಬರ್ ಒತ್ತಿ ಹಾಡು ಆರಿಸ್ಲಿಕ್ಕೆ ಆಗ್ತದಾದ್ರೆ ಮೊದಲು 13 ಹಾಕಿ, ಅದು ಮುಗಿದ ಮೇಲೆ 1, ಆಮೇಲೆ 3, ಆಮೇಲೆ 2, ಸಿನಿಮಾದಲ್ಲಿ ಬರುದು ಹಾಗೆ. ನಾವು ಅಂಗಡಿಲಿ ಈಗ ಹಾಗೇ ಕೇಳುದು, ನಾಲ್ಕನೇದು ಮಾತ್ರ ಅಪ್ಪ ಹೇಳಿದಾಗ.